ಶಾಂತಿ ಸಭೆಯಲ್ಲಿ ಆ ಅರ್ಧ ಜನ ಎಲ್ಲಿದ್ದಾರೆ?

(ವಿಜಯಪುರ ನಗರ, ತಿಕೋಟಾ ಹಾಗೂ ಬಬಲೇಶ್ವರ ಭಾಗದ ಸಹೋದರ ಸಹೋದರಿಯರ ಮುಂದೆ ಮಾಡಿದ ಭಾಷಣದ ಲಿಖಿತ ರೂಪ)



ಹಬ್ಬಗಳು ಸಮೀಪಿಸಿದಾಗ ನಮ್ಮ ಪೊಲೀಸ್ ಠಾಣೆಗಳಲ್ಲಿ ಶಾಂತಿ ಸಭೆಗಳು ನಡೆಯುತ್ತವೆ. ಗಣೇಶೋತ್ಸವಕ್ಕೆ ಮುಂಚೆ ಒಂದು, ಬಕ್ರೀದ್‌ಗೆ ಮುಂಚೆ ಒಂದು, ಮೊಹರಂ ಮತ್ತು ಈದ್ ಮಿಲಾದ್‌ಗೆ ಮುಂಚೆ ಇನ್ನೊಂದು. ಎರಡೂ ಸಮುದಾಯಗಳ ಮುಖಂಡರನ್ನು ಕರೆಯಲಾಗುತ್ತದೆ. ಮೆರವಣಿಗೆಯ ದಾರಿ ಯಾವುದು, ಧ್ವನಿವರ್ಧಕ ಎಷ್ಟು ಹೊತ್ತಿನವರೆಗೆ, ಯಾವ ಓಣಿಯಲ್ಲಿ ಬಂದೋಬಸ್ತ್ ಹೆಚ್ಚಿರಬೇಕು ಎಂಬ ಚರ್ಚೆ ನಡೆಯುತ್ತದೆ. ಚಹಾ ಕುಡಿದು, ಕೈಕುಲುಕಿ ಎಲ್ಲರೂ ಮನೆಗೆ ಮರಳುತ್ತಾರೆ. ಮರುದಿನ ಪತ್ರಿಕೆಯಲ್ಲಿ ಒಂದು ಚಿತ್ರ ಬರುತ್ತದೆ. ಆ ಚಿತ್ರವನ್ನು ಒಮ್ಮೆ ಗಮನವಿಟ್ಟು ನೋಡಿ. ಸಾಲು ಕುರ್ಚಿಗಳಲ್ಲಿ ಕುಳಿತವರು ಬಹುಪಾಲು ಗಂಡಸರೇ. ಊರಿನ ಜನಸಂಖ್ಯೆಯಲ್ಲಿ ಸುಮಾರು ಅರ್ಧದಷ್ಟಿರುವವರು ಆ ಸಭೆಯಲ್ಲಿ ಎಲ್ಲಿದ್ದಾರೆ? ಗಲಭೆಯಾದರೆ ಮೊದಲು ಮನೆಯ ಬಾಗಿಲು ಹಾಕಿಕೊಂಡು ಮಕ್ಕಳನ್ನು ಎದೆಗವಚಿಕೊಳ್ಳುವವರು ಶಾಂತಿಯ ಮಾತಿಗೆ ಮಾತ್ರ ಏಕೆ ಬೇಡವಾದರು? ಈ ದಿನ ನಾವು ಈ ಪ್ರಶ್ನೆಯನ್ನು ನಮ್ಮ ಮುಂದೆಯೇ ಇಟ್ಟುಕೊಳ್ಳಬೇಕಾಗಿದೆ.

ಇದು ನಮ್ಮ ಊರಿನ ಪ್ರಶ್ನೆ ಮಾತ್ರವಲ್ಲ. 2000ದ ಅಕ್ಟೋಬರ್ 31ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1325ನೆಯ ನಿರ್ಣಯವನ್ನು ಅಂಗೀಕರಿಸಿತು. ಯುದ್ಧ ಮತ್ತು ಸಂಘರ್ಷ ನಡೆದಲ್ಲೆಲ್ಲ ಅದರ ತಡೆಗಟ್ಟುವಿಕೆ, ಸಂಧಾನ ಹಾಗೂ ಪುನರ್ನಿರ್ಮಾಣದಲ್ಲಿ ಮಹಿಳೆಯರಿಗೆ ಸಮಾನ ಪಾಲು ಇರಬೇಕೆಂದು ಅದು ಹೇಳಿತು. ಅಲ್ಲಿಯವರೆಗೆ ಮಹಿಳೆಯರನ್ನು ಯುದ್ಧದ ಸಂತ್ರಸ್ತರೆಂದು ಮಾತ್ರ ನೋಡುತ್ತಿದ್ದ ಜಗತ್ತು, ಅವರನ್ನು ಶಾಂತಿಯ ಕರ್ತೃಗಳೆಂದು ಕಾಗದದ ಮೇಲಾದರೂ ಒಪ್ಪಿಕೊಂಡದ್ದು ಆಗ. ಆದರೆ ನ್ಯೂಯಾರ್ಕಿನಲ್ಲಿ ಬರೆದ ನಿರ್ಣಯ ತಿಕೋಟಾದ ಠಾಣೆಯ ಕುರ್ಚಿಯನ್ನು ತಾನಾಗಿ ತಲುಪುವುದಿಲ್ಲ. ಅದನ್ನು ತಲುಪಿಸುವ ಕೆಲಸ ಇಲ್ಲಿ ಕುಳಿತ ನಮ್ಮದು.

ಸಹೋದರರೇ, ನಮ್ಮದು ಯುದ್ಧಪೀಡಿತ ನೆಲವಲ್ಲ. ಆದರೆ ಗಾಯಗಳಿಲ್ಲದ ನೆಲವೂ ಅಲ್ಲ. 2012ರ ಹೊಸ ವರ್ಷದ ದಿನ ಇದೇ ಜಿಲ್ಲೆಯ ಸಿಂದಗಿಯಲ್ಲಿ ತಹಶೀಲ್ದಾರ್ ಕಚೇರಿಯ ಆವರಣದಲ್ಲಿ ಪಾಕಿಸ್ತಾನದ ಧ್ವಜ ಹಾರಾಡಿತು. ಸಂಶಯದ ಬೆರಳು ಯಾರತ್ತ ತಿರುಗಿತೆಂದು ಹೇಳಬೇಕಾಗಿಲ್ಲ. ಕೆಲವೇ ದಿನಗಳಲ್ಲಿ ಪೊಲೀಸರು ಬಂಧಿಸಿದ್ದು ಹಿಂದುತ್ವ ಸಂಘಟನೆಯೊಂದರೊಂದಿಗೆ ಗುರುತಿಸಿಕೊಂಡಿದ್ದ ಯುವಕರನ್ನು. 2014ರ ಮೇ 26ರಂದು, ಅಂದಿನ ಬಿಜಾಪುರ ನಗರದಲ್ಲಿ, ಚುನಾವಣಾ ವಿಜಯೋತ್ಸವದ ಸಂದರ್ಭದಲ್ಲಿ ಗಲಭೆಯಾಯಿತು. ಅಂಗಡಿಗಳ ಬಾಗಿಲು ಮುಚ್ಚಿದವು, ಜನ ಗಾಯಗೊಂಡರು. ಅದೇ ವರ್ಷದ ನವೆಂಬರ್ 1ರಂದು ನಗರದ ಹೆಸರು ವಿಜಯಪುರವಾಯಿತು. ಹೆಸರು ಬದಲಾದಷ್ಟು ಬೇಗ ಮನಸ್ಸುಗಳ ಬಿರುಕು ಮುಚ್ಚುವುದಿಲ್ಲ ಎಂಬುದನ್ನು ನಾವೆಲ್ಲರೂ ಬಲ್ಲೆವು.

ಇನ್ನು ಇತ್ತೀಚಿನ ಹೊನವಾಡದ ಪ್ರಕರಣಕ್ಕೆ ಬರೋಣ. 2024ರ ಅಕ್ಟೋಬರ್‌ನಲ್ಲಿ ತಿಕೋಟಾ ತಾಲೂಕಿನ ಹೊನವಾಡದ ರೈತರು, ತಮ್ಮ ಸುಮಾರು 1200 ಎಕರೆ ಜಮೀನು ವಕ್ಫ್ ಆಸ್ತಿಯಾಗಲಿದೆ ಎಂಬ ಆತಂಕದಿಂದ ಸರಕಾರದ ಬಾಗಿಲು ಬಡಿದರು. ಜಿಲ್ಲಾ ಉಸ್ತುವಾರಿ ಸಚಿವರೂ ಬಬಲೇಶ್ವರದ ಶಾಸಕರೂ ಆದ ಎಂ.ಬಿ. ಪಾಟೀಲರು ಇದಕ್ಕೆ ವಿವರಣೆ ನೀಡಿದರು. 1974ರ ಗೆಜೆಟ್ ಅಧಿಸೂಚನೆಯಲ್ಲಿ ವಿಜಯಪುರದ ಮಹಲ್ ಬಾಗಾಯತದ ಸರ್ವೆ ನಂಬರುಗಳ ಜೊತೆ ಹೊನವಾಡದ ಹೆಸರು ತಪ್ಪಾಗಿ ಸೇರಿತ್ತು, 1977ರಲ್ಲೇ ಅದನ್ನು ಸರಿಪಡಿಸಲಾಗಿತ್ತು, ಹೊನವಾಡದಲ್ಲಿರುವ ವಕ್ಫ್ ಜಮೀನು ಸುಮಾರು 11 ಎಕರೆ ಮಾತ್ರ ಎಂದರು. ನವೆಂಬರ್ ಆರಂಭದಲ್ಲಿ ರೈತರಿಗೆ ನೀಡಿದ ನೋಟಿಸುಗಳನ್ನು ಹಿಂಪಡೆಯುವಂತೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸೂಚಿಸಿದರು. ಅಷ್ಟರೊಳಗೆ ವಿಷಯ ಜಿಲ್ಲಾಧಿಕಾರಿ ಕಚೇರಿಯ ಮುಂದಿನ ಧರಣಿಯಿಂದ ದೆಹಲಿಯವರೆಗೆ ತಲುಪಿತ್ತು. ವಕ್ಫ್ ಮಸೂದೆಯ ಜಂಟಿ ಸಂಸದೀಯ ಸಮಿತಿಯ ಅಧ್ಯಕ್ಷರೇ ವಿಜಯಪುರಕ್ಕೆ ಬಂದುಹೋದರು.

ಹನ್ನೊಂದು ಎಕರೆ ಮತ್ತು ಸಾವಿರದ ಇನ್ನೂರು ಎಕರೆ! ಈ ಎರಡು ಅಂಕಿಗಳ ನಡುವೆ ಎಷ್ಟೊಂದು ಭಯ, ಎಷ್ಟೊಂದು ಭಾಷಣ, ಎಷ್ಟೊಂದು ದ್ವೇಷ ತುಂಬಿಕೊಂಡಿತು! ಅದರ ಬಿಸಿ ನಮ್ಮ ಜಿಲ್ಲೆಯನ್ನು ದಾಟಿ ಹೋಯಿತು. ಅಕ್ಟೋಬರ್ ಕೊನೆಯಲ್ಲಿ ಹಾವೇರಿ ಜಿಲ್ಲೆ ಸವಣೂರು ತಾಲೂಕಿನ ಕಡಕೋಳದಲ್ಲಿ ಇದೇ ಬಗೆಯ ವಕ್ಫ್ ವದಂತಿಯಿಂದ ಮುಸ್ಲಿಮರ ಮನೆಗಳ ಮೇಲೆ ಕಲ್ಲು ತೂರಲಾಯಿತು. ಕಲ್ಲು ಬಿದ್ದ ಮನೆಯೊಳಗಿದ್ದ ತಾಯಿಗೆ 1974ರ ಗೆಜೆಟ್ ಏನೆಂದು ಗೊತ್ತಿರಲಿಕ್ಕಿಲ್ಲ. ಹೊಲ ಹೋದೀತೆಂದು ನಿದ್ದೆಗೆಟ್ಟ ರೈತನ ಹೆಂಡತಿಗೂ ಗೊತ್ತಿರಲಿಕ್ಕಿಲ್ಲ. ದಾಖಲೆಯ ತಪ್ಪಿನ ಶಿಕ್ಷೆಯನ್ನು ಅನುಭವಿಸಿದವರು ಈ ಇಬ್ಬರು. ಆದರೆ ಈ ಇಬ್ಬರನ್ನೂ ಒಂದೇ ಜಮಖಾನೆಯ ಮೇಲೆ ಕೂರಿಸಿ ದಾಖಲೆಯನ್ನು ಓದಿ ಹೇಳಬೇಕೆಂದು ಯಾವ ಪಕ್ಷಕ್ಕೂ ಯಾವ ಸಮಿತಿಗೂ ಹೊಳೆಯಲಿಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಹೆಣ್ಣು ಹುಟ್ಟಿನಿಂದಲೇ ಶಾಂತಸ್ವಭಾವದವಳು, ಆದ್ದರಿಂದ ಆಕೆಯನ್ನು ಕರೆಯಿರಿ ಎಂದು ನಾವು ವಾದಿಸುತ್ತಿಲ್ಲ. ದ್ವೇಷದ ಮಾತನ್ನು ಮನೆಯೊಳಗೆ ಸಾಕಿ ಬೆಳೆಸುವ ಸ್ತ್ರೀಯರೂ ಇದ್ದಾರೆ. ಮಗ ಕಲ್ಲು ಹಿಡಿದು ಹೊರಟಾಗ ತಡೆಯದ ತಾಯಂದಿರೂ ಇದ್ದಾರೆ. ನಮ್ಮ ವಾದದ ಆಧಾರ ಬೇರೆ. ಮೊದಲನೆಯದಾಗಿ, ಗಲಭೆಯ ನಿಜವಾದ ಲೆಕ್ಕ ಇರುವುದು ಮಹಿಳೆಯ ಬಳಿ. ಮಗ ಜೈಲು ಸೇರಿದಾಗ ಬುತ್ತಿ ಕಟ್ಟಿಕೊಂಡು ಸಂದರ್ಶನದ ಸಾಲಿನಲ್ಲಿ ನಿಲ್ಲುವವಳು ಆಕೆ. ವಕೀಲರ ಶುಲ್ಕಕ್ಕಾಗಿ ಕೊರಳಿನ ಬಂಗಾರ ಬಿಚ್ಚುವವಳು, ಕರ್ಫ್ಯೂ ಇದ್ದರೂ ಒಲೆ ಹೊತ್ತಿಸಲೇಬೇಕಾದವಳು ಆಕೆ. ಎರಡನೆಯದಾಗಿ, ಗಲಭೆಗೆ ಮುಂಚಿನ ಸುದ್ದಿ ಮನೆಯೊಳಗೇ ಹುಟ್ಟುತ್ತದೆ. ಮಗನ ಮೊಬೈಲಿನಲ್ಲಿ ಯಾವ ವಿಡಿಯೋ ಬಂದಿದೆ, ಆತ ರಾತ್ರಿ ಯಾರೊಂದಿಗೆ ಹೋಗುತ್ತಾನೆ, ಊಟ ಬಿಟ್ಟು ಏಕೆ ಎದ್ದ ಎಂಬುದು ಠಾಣೆಗಿಂತ ಮೊದಲು ತಾಯಿಗೆ, ಅಕ್ಕನಿಗೆ ಗೊತ್ತಾಗುತ್ತದೆ. ಮೂರನೆಯದಾಗಿ, ಗಂಡಸರ ನಡುವೆ ಮಾತು ನಿಂತಾಗಲೂ ಹೆಂಗಸರ ನಡುವೆ ನೀರಿನ ನಳದ ಬಳಿ, ಅಂಗನವಾಡಿಯ ಬಾಗಿಲಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಮಾತು ಉಳಿದಿರುತ್ತದೆ. ತಿಕೋಟಾದ ದ್ರಾಕ್ಷಿ ತೋಟಗಳಲ್ಲಿ ಗೊನೆ ಬಿಡಿಸುವಾಗ, ಒಣದ್ರಾಕ್ಷಿಯ ಶೆಡ್ಡುಗಳಲ್ಲಿ ಕಾಯಿ ಆರಿಸುವಾಗ ಪಕ್ಕದಲ್ಲಿ ಕುಳಿತವಳ ಜಾತಿ ಧರ್ಮ ನೋಡಿ ಕೆಲಸ ನಡೆಯುವುದಿಲ್ಲ. ಈ ಉಳಿದ ಮಾತೇ ಶಾಂತಿಯ ಬಂಡವಾಳ. ಅದನ್ನು ಬಳಸದೆ ಕೊಳೆಯಲು ಬಿಡುವುದು ವಿವೇಕವಲ್ಲ.

ಈ ಬಂಡವಾಳವನ್ನು ಬಳಸಿ ತೋರಿಸಿದವರ ಉದಾಹರಣೆ ಜಗತ್ತಿನಲ್ಲಿದೆ. ಆಫ್ರಿಕಾದ ಕೀನ್ಯಾ ದೇಶದ ಈಶಾನ್ಯದಲ್ಲಿ ವಜೀರ್ ಎಂಬ ಜಿಲ್ಲೆಯಿತ್ತು. ನಮ್ಮ ವಿಜಯಪುರದಂತೆಯೇ ಬರಕ್ಕೆ ಹೆಸರಾದ ನಾಡು. ಸೋಮಾಲಿ ಮುಸ್ಲಿಮರ ಕುಲಗಳ ನಡುವೆ ನೀರು ಮತ್ತು ಹುಲ್ಲುಗಾವಲಿಗಾಗಿ ನಡೆದ ಕಾದಾಟ 1990ರ ದಶಕದ ಆರಂಭದಲ್ಲಿ ರಕ್ತಪಾತವಾಗಿ ಪರಿಣಮಿಸಿತು. ಪೇಟೆಯಲ್ಲಿ ಒಂದು ಕುಲದ ಹೆಂಗಸು ಇನ್ನೊಂದು ಕುಲದವಳಿಗೆ ಹಾಲು ಮಾರಲೊಪ್ಪದ ಸ್ಥಿತಿ ಬಂತು. ದೇಖಾ ಇಬ್ರಾಹೀಂ ಅಬ್ದಿ ಎಂಬ ಯುವತಿ ಮತ್ತು ಆಕೆಯ ಕೆಲವು ಗೆಳತಿಯರು ಆ ಪೇಟೆಯಿಂದಲೇ ಕೆಲಸ ಆರಂಭಿಸಿದರು. ಯಾವ ಕುಲದವಳಾದರೂ ಬಂದು ಮಾರಬಹುದು, ಕೊಳ್ಳಬಹುದು ಎಂಬ ನಿಯಮ ಮಾಡಿ, ಅದು ಪಾಲನೆಯಾಗುತ್ತಿದೆಯೇ ಎಂದು ನೋಡಲು ಮಹಿಳೆಯರದೇ ಸಮಿತಿ ರಚಿಸಿದರು. ಪೇಟೆ ಶಾಂತವಾದ ಮೇಲೆ ಕುಲದ ಹಿರಿಯರ ಬಳಿ ಹೋದರು, ಬಳಿಕ ಯುವಕರ ಬಳಿ, ವ್ಯಾಪಾರಿಗಳ ಬಳಿ. 1993ರಲ್ಲಿ ಹಿರಿಯರು ಶಾಂತಿ ಘೋಷಣೆಗೆ ಬದ್ಧರಾದರು. 1995ರಲ್ಲಿ ಈ ಪ್ರಯತ್ನ ಜಿಲ್ಲಾಡಳಿತದೊಳಗೇ ಸ್ಥಾನ ಪಡೆಯಿತು. ದೇಖಾ ಅವರಿಗೆ 2007ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಸಂದಿತು. ಇಲ್ಲಿ ನಾವು ಗಮನಿಸಬೇಕಾದದ್ದು ಪ್ರಶಸ್ತಿಯನ್ನಲ್ಲ, ಕ್ರಮವನ್ನು. ಅವರು ಮೊದಲು ಹೋದದ್ದು ಅಧಿಕಾರಿಯ ಕೊಠಡಿಗಲ್ಲ, ಹಾಲು ಮಾರುವ ಜಾಗಕ್ಕೆ. ಆದರೆ ಅಲ್ಲಿಗೇ ನಿಲ್ಲಲಿಲ್ಲ. ಅಧಿಕಾರಿಯ ಕೊಠಡಿಯಲ್ಲಿ ಕುರ್ಚಿ ಸಿಗುವವರೆಗೆ ನಡೆದರು.

ಲೈಬೀರಿಯಾದ ಕತೆಯೂ ಹೀಗೆಯೇ. ಹದಿನಾಲ್ಕು ವರ್ಷಗಳ ಅಂತರ್ಯುದ್ಧದಿಂದ ಬಸವಳಿದ ಆ ದೇಶದಲ್ಲಿ 2003ರಲ್ಲಿ ಕ್ರೈಸ್ತ ಮತ್ತು ಮುಸ್ಲಿಮ್ ಮಹಿಳೆಯರು ಒಟ್ಟಾಗಿ ಬಿಳಿಯುಡುಗೆ ತೊಟ್ಟು ರಾಜಧಾನಿಯ ಮೀನು ಮಾರುಕಟ್ಟೆಯ ಬಳಿ ದಿನದಿನವೂ ಕುಳಿತರು. ಲೇಮಾ ಗ್ಬೋವಿ ಅವರ ಜೊತೆ ನಿಂತು ಮುಸ್ಲಿಮ್ ಮಹಿಳೆಯರನ್ನು ಸಂಘಟಿಸಿದವರು ಅಸಾತು ಬಾ ಕೆನೆತ್ ಎಂಬ ಪೊಲೀಸ್ ಅಧಿಕಾರಿ. ಘಾನಾದ ಅಕ್ರಾದಲ್ಲಿ ಮಾತುಕತೆ ನಿರರ್ಥಕವಾಗಿ ಎಳೆಯುತ್ತಿದ್ದಾಗ ಈ ಮಹಿಳೆಯರು ಸಭಾಂಗಣದ ಬಾಗಿಲಿಗೇ ಅಡ್ಡ ಕುಳಿತರು. ಆ ವರ್ಷದ ಆಗಸ್ಟ್ 18ರಂದು ಒಪ್ಪಂದಕ್ಕೆ ಸಹಿ ಬಿತ್ತು. 2011ರ ನೊಬೆಲ್ ಶಾಂತಿ ಪುರಸ್ಕಾರ ಹಂಚಿಕೊಂಡ ಮೂವರಲ್ಲಿ ಗ್ಬೋವಿ ಒಬ್ಬರು, ಯಮನ್‌ನ ತವಕ್ಕುಲ್ ಕರ್ಮಾನ್ ಇನ್ನೊಬ್ಬರು. ಇದೇ ಲೈಬೀರಿಯಾಕ್ಕೆ 2007ರಲ್ಲಿ ವಿಶ್ವಸಂಸ್ಥೆಯ ಪ್ರಪ್ರಥಮ ಸಂಪೂರ್ಣ ಮಹಿಳಾ ಪೊಲೀಸ್ ತುಕಡಿಯನ್ನು ಕಳುಹಿಸಿದ ದೇಶ ಭಾರತ! ಸಾವಿರಾರು ಮೈಲಿ ದೂರದ ನಾಡಿನ ಶಾಂತಿ ಕಾಯಲು ನಮ್ಮ ಹೆಣ್ಣುಮಕ್ಕಳು ಸಮರ್ಥರು, ಸ್ವಂತ ತಾಲೂಕಿನ ಶಾಂತಿ ಸಭೆಗೆ ಮಾತ್ರ ಅಸಮರ್ಥರು ಎಂದರೆ ಇದಕ್ಕಿಂತ ದೊಡ್ಡ ವಿಪರ್ಯಾಸವಿದೆಯೇ?

ನಮ್ಮ ವಿಜಯಪುರಕ್ಕಂತೂ ಈ ವಿಷಯದಲ್ಲಿ ಹೊರಗಿನ ಉದಾಹರಣೆಯೇ ಬೇಕಿಲ್ಲ. ಚಾಂದ್ ಬಾವಡಿಯ ಮುಂದೆ ಓಡಾಡುವ ನಾವು ಚಾಂದ್ ಬೀಬಿಯನ್ನು ಖಡ್ಗ ಹಿಡಿದ ವೀರರಾಣಿಯೆಂದು ನೆನೆಯುತ್ತೇವೆ. ಆಕೆಯ ಇನ್ನೊಂದು ಮುಖವನ್ನು ಮರೆತಿದ್ದೇವೆ. 1580ರಲ್ಲಿ ಒಂದನೆಯ ಅಲಿ ಆದಿಲ್ ಶಾಹ ತೀರಿಕೊಂಡಾಗ ಬಾಲಕ ಇಬ್ರಾಹೀಮನ ಪರವಾಗಿ ರಾಜ್ಯದ ಹೊಣೆ ಹೊತ್ತು, ದರಬಾರಿನ ಬಣಗಳ ಕಲಹದ ನಡುವೆ ಸಾತಾರಾ ಕೋಟೆಯಲ್ಲಿ ಸೆರೆವಾಸವನ್ನೂ ಅನುಭವಿಸಿದಾಕೆ ಅವಳು. ಆಕೆ ಕಾಪಾಡಿದ ಆ ಬಾಲಕನೇ ಮುಂದೆ ಪ್ರಜೆಗಳಿಂದ ಜಗದ್ಗುರು ಎನಿಸಿಕೊಂಡ ಎರಡನೆಯ ಇಬ್ರಾಹೀಂ ಆದಿಲ್ ಶಾಹ. 1596ರಲ್ಲಿ ಅಹ್ಮದನಗರದ ಕೋಟೆಯನ್ನು ಮೊಘಲರಿಂದ ಉಳಿಸಿದ ಬಳಿಕ ಆಕೆ ಮಾಡಿದ್ದು ಸಂಧಿ. ಬೇರಾರ್ ಪ್ರಾಂತ್ಯವನ್ನು ಬಿಟ್ಟುಕೊಟ್ಟು ಜನರ ಪ್ರಾಣ ಉಳಿಸಿದಳು. ಕೆಲವೇ ವರ್ಷಗಳಲ್ಲಿ, ಶತ್ರುವಿನೊಂದಿಗೆ ಸಂಧಾನ ನಡೆಸುತ್ತಿದ್ದಾಳೆಂಬ ಆರೋಪ ಹೊರಿಸಿ ಅವಳ ಕಡೆಯವರೇ ಅವಳನ್ನು ಕೊಂದರು. ಖಡ್ಗ ಹಿಡಿದಾಗ ಕೊಂಡಾಡಿದವರು ಮಾತುಕತೆಗೆ ಕುಳಿತಾಗ ದ್ರೋಹಿ ಎಂದರು. ಶಾಂತಿಯ ಮಾತನಾಡುವವರನ್ನು ಸ್ವಂತ ಗುಂಪಿನವರೇ ಸಂಶಯಿಸುವ ಈ ರೋಗ ನಾಲ್ಕು ಶತಮಾನಗಳ ಬಳಿಕವೂ ವಾಸಿಯಾಗಿಲ್ಲ.

ನಮ್ಮ ಸಮುದಾಯದಲ್ಲಿ ಕೆಲವರು ಕೇಳಬಹುದು: ಮಹಿಳೆಯರು ಹೀಗೆ ಸಾರ್ವಜನಿಕ ಸಂಧಾನಕ್ಕೆ ಬರುವುದು ಉಚಿತವೇ? ಹಿಜರಿ 6ನೆಯ ವರ್ಷ ಹುದೈಬಿಯಾದಲ್ಲಿ ನಡೆದದ್ದನ್ನು ಅವರು ನೆನಪಿಸಿಕೊಳ್ಳಲಿ. ಒಪ್ಪಂದದ ಶರತ್ತುಗಳು ಮುಸ್ಲಿಮರಿಗೆ ಅವಮಾನಕರವೆಂದು ಕಂಡವು. ಬಲಿ ನೀಡಿ ತಲೆ ಬೋಳಿಸಿ ಮರಳೋಣವೆಂದು ಪ್ರವಾದಿ(ಸ) ಹೇಳಿದಾಗ ಅನುಚರರು ದುಃಖದಿಂದ ಕದಲದೆ ಕುಳಿತರು. ಆಗ ಡೇರೆಯೊಳಗೆ ಪರಿಹಾರ ಸೂಚಿಸಿದವರು ಉಮ್ಮು ಸಲಮಾ(ರ). ಯಾರೊಂದಿಗೂ ಮಾತನಾಡದೆ ನೀವೇ ಮೊದಲು ಬಲಿ ನೀಡಿ, ತಲೆ ಬೋಳಿಸಿಕೊಳ್ಳಿ ಎಂಬುದು ಅವರ ಸಲಹೆ. ಪ್ರವಾದಿ(ಸ) ಹಾಗೆಯೇ ಮಾಡಿದರು, ಎಲ್ಲರೂ ಹಿಂಬಾಲಿಸಿದರು. ಶಾಂತಿಯ ಒಂದು ಮಹಾ ಒಪ್ಪಂದ ಮುರಿಯದೆ ಉಳಿದದ್ದರ ಹಿಂದೆ ಒಬ್ಬ ಮಹಿಳೆಯ ರಾಜಕೀಯ ವಿವೇಕವಿತ್ತು. ಮಕ್ಕಾ ವಿಜಯದ ದಿನ ಉಮ್ಮು ಹಾನಿ(ರ) ತಮ್ಮ ಮನೆಗೆ ಬಂದ ವಿರೋಧಿಗಳಿಗೆ ಅಭಯ ಕೊಟ್ಟರು, ಆ ಅಭಯವನ್ನು ಪ್ರವಾದಿ(ಸ) ಊರ್ಜಿತಗೊಳಿಸಿದರು. ಈ ಇತಿಹಾಸವನ್ನು ವೇದಿಕೆಯಲ್ಲಿ ಹೆಮ್ಮೆಯಿಂದ ಹೇಳುವ ನಾವು, ಜಮಾಅತ್ ಸಮಿತಿಯ ಸಭೆಗೆ ಒಬ್ಬ ಸಹೋದರಿಯನ್ನೂ ಕರೆಯದಿದ್ದರೆ ಆ ಹೆಮ್ಮೆಗೆ ಏನರ್ಥ?

ಶಾಂತಿಯ ಬಗ್ಗೆ ಮಾತನಾಡುವಾಗ ಹೊರಗಿನ ಶತ್ರುವನ್ನಷ್ಟೇ ನೋಡುವುದೂ ಅಪ್ರಾಮಾಣಿಕತೆ. 2017ರಲ್ಲಿ ಇದೇ ಜಿಲ್ಲೆಯಲ್ಲಿ, ದಲಿತ ಯುವಕನನ್ನು ಮದುವೆಯಾದಳೆಂಬ ಕಾರಣಕ್ಕೆ ನಮ್ಮ ಸಮುದಾಯದ ಗರ್ಭಿಣಿ ಹೆಣ್ಣುಮಗಳೊಬ್ಬಳನ್ನು ಹೆತ್ತ ಮನೆಯವರೇ ಕೊಂದರು. ಆ ಹತ್ಯೆಗೆ ಯಾವ ಪಕ್ಷದ ಪಿತೂರಿಯೂ ಕಾರಣವಲ್ಲ. ಮರ್ಯಾದೆಯ ಹೆಸರಿನ ಆ ಕ್ರೌರ್ಯಕ್ಕೆ ಧರ್ಮದಲ್ಲಿಯೂ ಕಾನೂನಿನಲ್ಲಿಯೂ ಎಳ್ಳಷ್ಟೂ ಜಾಗವಿಲ್ಲ. ಮನೆಯೊಳಗೆ ಹೆಣ್ಣಿನ ಪ್ರಾಣಕ್ಕೆ ಅಭಯವಿಲ್ಲದ ಸಮಾಜ ಬೀದಿಯಲ್ಲಿ ಶಾಂತಿಯ ಮೆರವಣಿಗೆ ತೆಗೆದರೆ ಅದನ್ನು ಯಾರು ನಂಬುತ್ತಾರೆ? ಆದ್ದರಿಂದ ಶಾಂತಿ ಕಾರ್ಯದಲ್ಲಿ ಮಹಿಳೆಯ ಪಾಲ್ಗೊಳ್ಳುವಿಕೆ ಎಂದರೆ ಮೊದಲು ಆಕೆಯ ಸ್ವಂತ ಸುರಕ್ಷೆ ಮತ್ತು ಸ್ವಂತ ಮಾತು.

ಹಾಗಾದರೆ ಏನು ಮಾಡಬೇಕು? ಕೆಲವು ಸ್ಪಷ್ಟ ಪ್ರಸ್ತಾಪಗಳನ್ನು ನಾವು ನಿಮ್ಮ ಮುಂದಿಡುತ್ತೇವೆ.

ಒಂದು, ಠಾಣೆ ಮತ್ತು ತಾಲೂಕು ಮಟ್ಟದ ಶಾಂತಿ ಸಮಿತಿಗಳಲ್ಲಿ ಅರ್ಧ ಸ್ಥಾನಗಳು ಮಹಿಳೆಯರಿಗಿರಬೇಕು. ಇದು ಅಸಾಧ್ಯದ ಬೇಡಿಕೆಯಲ್ಲ. 2010ರ ಚುನಾವಣೆಯಿಂದ ಕರ್ನಾಟಕದ ಗ್ರಾಮ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ಬಜೆಟ್ ಮಂಡಿಸಬಲ್ಲ ಅಧ್ಯಕ್ಷೆ ಶಾಂತಿಯ ಬಗ್ಗೆಯೂ ಮಾತನಾಡಬಲ್ಲಳು. ಆದರೆ ಆಕೆಯ ಪರವಾಗಿ ಗಂಡನೋ ಮಗನೋ ಬಂದು ಕುರ್ಚಿ ಹಿಡಿಯುವ ಪದ್ಧತಿಯನ್ನು ಇಲ್ಲಿಗೂ ತರಬಾರದು.

ಎರಡು, ಸಭೆಯ ವೇಳೆ ಮತ್ತು ಸ್ಥಳ ಬದಲಾಗಬೇಕು. ರಾತ್ರಿ ಎಂಟು ಗಂಟೆಗೆ ಠಾಣೆಯಲ್ಲಿ ಸಭೆ ಕರೆದು ಮಹಿಳೆಯರು ಬರಲಿಲ್ಲವೆಂದು ದೂರುವುದು ನ್ಯಾಯವಲ್ಲ. ಶಾಲೆಯಲ್ಲಿಯೋ ಪಂಚಾಯತಿ ಸಭಾಂಗಣದಲ್ಲಿಯೋ ಹಗಲು ಹೊತ್ತಿನಲ್ಲಿ ಸೇರಲಿ. ಕೂಲಿ ಬಿಟ್ಟು ಬರುವವಳ ಆ ದಿನದ ಕೂಲಿ, ಬಸ್ಸಿನ ಖರ್ಚು, ಕೈಗೂಸಿನ ಆರೈಕೆ ಯಾರದೆಂದು ಮೊದಲೇ ತೀರ್ಮಾನವಾಗಲಿ. ಬೆಂಬಲ ಎಂದರೆ ಚಪ್ಪಾಳೆಯಲ್ಲ, ಇವುಗಳ ಏರ್ಪಾಡು.

ಮೂರು, ವದಂತಿಯ ವಿರುದ್ಧ ಮಹಿಳೆಯರದೇ ಒಂದು ಜಾಲವಿರಲಿ. ಸ್ತ್ರೀಶಕ್ತಿ ಸಂಘಗಳು, ಆಶಾ ಕಾರ್ಯಕರ್ತೆಯರು, ಅಂಗನವಾಡಿ ಶಿಕ್ಷಕಿಯರು ಈಗಾಗಲೇ ಪ್ರತಿ ಓಣಿಯನ್ನು ಬಲ್ಲರು. ಯಾವುದೇ ಸುದ್ದಿ ಹಬ್ಬಿದಾಗ ಎರಡೂ ಸಮುದಾಯದ ಇಬ್ಬಿಬ್ಬರು ಮಹಿಳೆಯರು ಒಟ್ಟಿಗೆ ಸ್ಥಳಕ್ಕೆ ಹೋಗಿ ನೋಡಿ, ಒಟ್ಟಿಗೆ ಬಂದು ಹೇಳಲಿ. ಜಮೀನಿನ ವಿಷಯವಾದರೆ ಉತಾರ ತೆಗೆಸಿ, ಹನ್ನೊಂದನೆಯ ಕಾಲಂನಲ್ಲಿ ಏನಿದೆಯೆಂದು ಎಲ್ಲರ ಮುಂದೆ ಓದಲಿ. ಹೊನವಾಡದ ಬಿಕ್ಕಟ್ಟು ಭಾಷಣದಿಂದ ಬಗೆಹರಿಯಲಿಲ್ಲ, ಹಳೆಯ ಕಾಗದ ಬಿಚ್ಚಿ ಓದಿದಾಗ ಬಗೆಹರಿಯಿತು. ಓದಲು ಬಲ್ಲ ಹೆಣ್ಣುಮಕ್ಕಳು ಇಂದು ನಮ್ಮ ಮನೆಮನೆಯಲ್ಲಿದ್ದಾರೆ. 2003ರಲ್ಲಿ ರಾಜ್ಯದ ಮಹಿಳಾ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು ಇದೇ ನಗರದಲ್ಲಿ. ಇಂದು ಅದು ಅಕ್ಕಮಹಾದೇವಿಯ ಹೆಸರು ಹೊತ್ತಿದೆ. ಅಲ್ಲಿ ಸಮಾಜಶಾಸ್ತ್ರ, ಪತ್ರಿಕೋದ್ಯಮಗಳ ಅರಿವು ಪಡೆದು ಬರುವ ವಿದ್ಯಾರ್ಥಿನಿಯರ ವಿದ್ಯೆ ಊರಿಗೆ ಉಪಯೋಗವಾಗಲಿ.

ನಾಲ್ಕು, ನಮ್ಮ ಮಸೀದಿ ಮತ್ತು ಜಮಾಅತ್ ಸಮಿತಿಗಳು ಸ್ವತಃ ಮುಂದೆ ಬರಲಿ. 2013ರ ತಿದ್ದುಪಡಿಯ ಮೂಲಕ ವಕ್ಫ್ ಕಾಯ್ದೆ ರಾಜ್ಯ ಮಂಡಳಿಯಲ್ಲಿ ಕನಿಷ್ಠ ಇಬ್ಬರು ಮಹಿಳೆಯರು ಇರಬೇಕೆಂದಿತು. ಬೆಂಗಳೂರಿನ ಮಂಡಳಿಯಲ್ಲಿ ಮಹಿಳೆ ಕುಳಿತುಕೊಳ್ಳಬಹುದಾದರೆ ಬಬಲೇಶ್ವರದ ಜಮಾಅತ್‌ನಲ್ಲಿ ಏಕೆ ಕುಳಿತುಕೊಳ್ಳಬಾರದು? ಕಾನೂನು ಬಲವಂತ ಮಾಡುವವರೆಗೆ ಕಾಯುವುದಕ್ಕಿಂತ ವಿವೇಕದಿಂದ ಕೊಟ್ಟ ಸ್ಥಾನ ಹೆಚ್ಚು ಗೌರವದ್ದು.

ಐದು, ಗಲಭೆಯ ಬಳಿಕದ ಕೆಲಸದಲ್ಲೂ ಆಕೆಗೆ ಪಾಲಿರಲಿ. ಪರಿಹಾರದ ಪಟ್ಟಿ ತಯಾರಿಸುವಾಗ ಸುಟ್ಟ ಅಂಗಡಿಯನ್ನು ಲೆಕ್ಕ ಹಾಕುತ್ತಾರೆ. ಒಡೆದ ಹೊಲಿಗೆ ಯಂತ್ರ, ಕಳೆದುಹೋದ ರೊಟ್ಟಿ ಬಡಿಯುವ ಕೂಲಿ, ಶಾಲೆ ಬಿಟ್ಟ ಹೆಣ್ಣುಮಗು ಲೆಕ್ಕಕ್ಕೆ ಬರುವುದಿಲ್ಲ. ಈ ಲೆಕ್ಕ ಬರೆಯಲು ಮಹಿಳೆಯೇ ಬೇಕು. ನ್ಯಾಯವಿಲ್ಲದ ಶಾಂತಿ ಬೂದಿ ಮುಚ್ಚಿದ ಕೆಂಡ. ಹಾಗಾಗಿ ತಪ್ಪು ಮಾಡಿದವರಿಗೆ ಶಿಕ್ಷೆ, ನಿರಪರಾಧಿಗಳಿಗೆ ಬಿಡುಗಡೆ ಎಂಬ ಬೇಡಿಕೆಯನ್ನು ಎರಡೂ ಕಡೆಯ ತಾಯಂದಿರು ಒಂದೇ ಮನವಿ ಪತ್ರದಲ್ಲಿ ಬರೆಯಲಿ.

ಸಹೋದರಿಯರೇ, ಈ ಸ್ಥಾನವನ್ನು ಯಾರೂ ತಟ್ಟೆಯಲ್ಲಿಟ್ಟು ತಂದುಕೊಡುವುದಿಲ್ಲ. ಗೇಲಿ ಮಾಡುವವರಿರುತ್ತಾರೆ. ಅವರ ಮನೆಗೆ ಹೋದಳು, ಇವರ ಜೊತೆ ಕುಳಿತಳು ಎಂದು ಆಡಿಕೊಳ್ಳುವವರಿರುತ್ತಾರೆ. ಸಹೋದರರೇ, ಆಗ ನಿಮ್ಮ ಕರ್ತವ್ಯ ಆ ಬಾಯಿಗಳನ್ನು ಸುಮ್ಮನಾಗಿಸುವುದು, ನಿಮ್ಮ ಮನೆಯ ಹೆಣ್ಣುಮಗಳನ್ನಲ್ಲ. ಮುಂದಿನ ಹಬ್ಬಕ್ಕೆ ಠಾಣೆಯಿಂದ ಕರೆ ಬಂದಾಗ ಒಬ್ಬೊಬ್ಬರಾಗಿ ಹೋಗಬೇಡಿ. ಅಕ್ಕನನ್ನು, ಹೆಂಡತಿಯನ್ನು, ಮಗಳನ್ನು ಜೊತೆಗೆ ಕರೆದೊಯ್ಯಿರಿ. ಕುರ್ಚಿ ಸಾಲದಿದ್ದರೆ ನೀವು ನಿಂತುಕೊಳ್ಳಿರಿ. ಅಧಿಕಾರಿಗಳು ಕಾರಣ ಕೇಳಿದರೆ, ಗಲಭೆಯಲ್ಲಿ ಇವರಿಗೂ ಪಾಲು ಬರುತ್ತದೆ, ಆದ್ದರಿಂದ ಶಾಂತಿಯ ಮಾತಿನಲ್ಲೂ ಇವರಿಗೆ ಪಾಲು ಬೇಕು ಎಂದು ಹೇಳಿರಿ. ಇದಕ್ಕೆ ಎದುರು ಉತ್ತರ ಅವರ ಬಳಿಯೂ ಇರಲಾರದು.